ಹೆಬ್ಬೆಟ್ಟು ಒತ್ತಿದರೆ ಒಪ್ಪಿದ ಹಾಗಾ?

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸೆಕ್ರೆಟರಿ ಒಂದು ಮೆಸೇಜ್ ಹಾಕಿದರು. ಮುಂದಿನ ತಿಂಗಳಿಂದ ಮೇಂಟೆನೆನ್ಸ್ 500 ರೂಪಾಯಿ ಜಾಸ್ತಿ. ಸಂಜೆಯೊಳಗೆ ಅದರ ಕೆಳಗೆ 31 ಹೆಬ್ಬೆಟ್ಟು ಬಿದ್ದಿದ್ದವು. ಭಾನುವಾರ ಮೀಟಿಂಗಿನಲ್ಲಿ ಜಗಳ. ‘ಎಲ್ಲರೂ ಒಪ್ಪಿದ್ದೀರಲ್ಲ ಸಾರ್’ ಅಂತ ಸೆಕ್ರೆಟರಿ. ‘ಅಯ್ಯೋ, ನೋಡಿದೆ ಅಂತ ಹಾಕಿದ್ದು ಕಣ್ರೀ’ ಅಂತ ಎರಡನೇ ಮಹಡಿಯವರು. ಇಬ್ಬರೂ ಹೇಳಿದ್ದು ನಿಜವೇ.

ಮೆಸೇಜಿನ ಮೂಲೆಗೆ ಅಂಟಿಕೊಳ್ಳುವ ಆ ಪುಟ್ಟ ಚಿತ್ರಕ್ಕೆ ರಿಯಾಕ್ಷನ್ ಅನ್ನುತ್ತಾರೆ. ತಮಾಷೆ ಅಂದರೆ, ಅದು ಬಂದಿದ್ದೇ ಗಲಾಟೆ ಕಡಿಮೆ ಮಾಡಲು.

ಹಳೆಯ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1982ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ ಕೋಲನ್, ಗೆರೆ, ಬ್ರಾಕೆಟ್ ಸೇರಿಸಿ ನಗುಮುಖ ಮಾಡಿದರು. 1999ರಲ್ಲಿ ಜಪಾನಿನ ಮೊಬೈಲ್ ಕಂಪನಿ ಡೊಕೊಮೊಗೆ ಶಿಗೆತಾಕ ಕುರಿತಾ ಎನ್ನುವವರು 176 ಚಿತ್ರಗಳ ಕಟ್ಟು ಮಾಡಿಕೊಟ್ಟರು. 2009ರಲ್ಲಿ ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂತು. 2010ರಲ್ಲಿ ಇಮೋಜಿ ಯೂನಿಕೋಡಿಗೆ, ಅಂದರೆ ಎಲ್ಲ ಫೋನು ಕಂಪ್ಯೂಟರುಗಳೂ ಅಕ್ಷರ ಗುರುತಿಸಲು ಬಳಸುವ ಪಟ್ಟಿಗೆ, ಸೇರಿತು. ಆದರೂ ಚಾಟಿನಲ್ಲಿ ಒಂದು ಹೆಬ್ಬೆಟ್ಟು ತೋರಿಸಬೇಕಾದರೆ ಒಂದು ಮೆಸೇಜೇ ಕಳಿಸಬೇಕಿತ್ತು. ನೂರು ಜನರ ಗ್ರೂಪಿನಲ್ಲಿ ನೂರು ಸಲ ಫೋನ್ ಟಿಂಗ್ ಅನ್ನುತ್ತಿತ್ತು.

ನಾನು ಸಾಫ್ಟ್‌ವೇರ್ ಕೆಲಸದವಳು. ಹಾಗಾಗಿ ಮುಂದಿನದ್ದನ್ನು ಹತ್ತಿರದಿಂದ ನೋಡಿದ್ದೇನೆ. ಪ್ರೋಗ್ರಾಮರ್‌ಗಳು ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಯಾರಾದರೂ ಒಂದು ಬಗ್, ಅಂದರೆ ಕೋಡಿನ ದೋಷದ ಬಗ್ಗೆ ಬರೆದರೆ, ಅದೇ ತೊಂದರೆ ಇದ್ದ ಉಳಿದವರು ಬಂದು ‘+1’ ಅಂತ ಬರೆದು ಹೋಗುತ್ತಿದ್ದರು. ನನಗೂ ಹೀಗೇ ಆಗ್ತಿದೆ ಅಂತ ಅರ್ಥ. ಪುಟ ಇಳಿಸುತ್ತಾ ಹೋದರೆ ಬರೀ +1, +1, +1. ನಡುವೆ ಎಲ್ಲೋ ಒಬ್ಬರು ನಿಜವಾದ ಪರಿಹಾರ ಬರೆದಿರುತ್ತಿದ್ದರು, ಅದನ್ನು ಹುಡುಕುವುದೇ ದೊಡ್ಡ ಕೆಲಸ. ಜೊತೆಗೆ ಪ್ರತಿ +1ಗೂ ಆ ಪುಟ ಫಾಲೋ ಮಾಡುವವರಿಗೆಲ್ಲ ಒಂದೊಂದು ಈಮೇಲ್. ಇಷ್ಟೆಲ್ಲ ಹೊತ್ತವರು ಬಹುಪಾಲು ಬಿಟ್ಟಿಯಾಗಿ ಕೋಡ್ ನೋಡಿಕೊಳ್ಳುತ್ತಿದ್ದ ಜನ. 2016ರ ಜನವರಿಯಲ್ಲಿ ಅವರಲ್ಲಿ ಅನೇಕರು ಸೇರಿ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ಮಾರ್ಚ್‌ನಲ್ಲೇ ರಿಯಾಕ್ಷನ್ ಬಂತು. ಮೊದಲಿಗೆ ಆರು ಚಿತ್ರ. ಮಾರನೇ ದಿನದಿಂದ ಮೇಲ್‌ಬಾಕ್ಸ್ ತಣ್ಣಗಾಯಿತು.

ಆಫೀಸ್ ಚಾಟಿನ ಸ್ಲ್ಯಾಕ್‌ನಲ್ಲಿ ಇದು 2015ರಲ್ಲೇ ಬಂದಿತ್ತು. ಅಲ್ಲಿ ಚಿತ್ರಗಳಿಗೆ ಬೇರೆಯದೇ ಭಾಷೆ ಬೆಳೆಯಿತು. ಎರಡು ಕಣ್ಣು ಹಾಕಿದರೆ ‘ನೋಡ್ತಾ ಇದ್ದೀನಿ’. ಹಸಿರು ಟಿಕ್ ಹಾಕಿದರೆ ‘ಮುಗೀತು’. ಕೆಲಸಕ್ಕೆ ಸೇರಿದ ವಾರದಲ್ಲೇ ಎಲ್ಲರೂ ಕಲಿತುಬಿಡುತ್ತಿದ್ದರು. ನಾನಿದ್ದ ಒಂದು ಕಡೆ ರಾತ್ರಿ 11ಕ್ಕೆ ಸರ್ವರ್ ಬಿತ್ತು. ಮೆಸೇಜಿಗೆ ಐದು ನಿಮಿಷದಲ್ಲಿ ಎಂಟು ಜೊತೆ ಕಣ್ಣು. ಒಂದು ಗಂಟೆ ಕಳೆದರೂ ಸರ್ವರ್ ಮಾತ್ರ ಹಾಗೇ ಮಲಗಿತ್ತು. ಎಂಟು ಜನರಲ್ಲಿ ಪ್ರತಿಯೊಬ್ಬರೂ ಉಳಿದ ಏಳು ಜನ ನೋಡ್ತಿದ್ದಾರೆ ಅಂದುಕೊಂಡಿದ್ದರು. ಅದರಲ್ಲಿ ಒಂದು ಜೊತೆ ಕಣ್ಣು ನನ್ನದೇ.

ಒಳಗೆ ನಡೆಯುವುದು ಬಹಳ ಸರಳ. ಯಾವ ಮೆಸೇಜಿಗೆ, ಯಾರು, ಯಾವ ಚಿತ್ರ ಹಾಕಿದರು ಎನ್ನುವ ಚೀಟಿಯೊಂದು ಆ ಕಡೆಗೆ ಹೋಗುತ್ತದೆ. ಯಾಕೆ ಹಾಕಿದರು ಅಂತ ಬರೆಯಲು ಆ ಚೀಟಿಯಲ್ಲಿ ಜಾಗವಿಲ್ಲ.

2022ರ ಮೇ ತಿಂಗಳಲ್ಲಿ ವಾಟ್ಸಾಪ್‌ಗೆ ಬಂದ ಮೇಲೆ ಇದು ಮನೆಮನೆಯ ವಿಷಯವಾಯಿತು. ಆಗಲೂ ಆರೇ ಚಿತ್ರ: ಹೆಬ್ಬೆಟ್ಟು, ಹೃದಯ, ನಗು, ಅಚ್ಚರಿ, ಅಳು, ಜೋಡಿಸಿದ ಕೈ. ಜುಲೈನಲ್ಲಿ ಯಾವ ಇಮೋಜಿ ಬೇಕಾದರೂ ಹಾಕಬಹುದು ಅಂತಾಯಿತು, ಆದರೂ ಬೆರಳು ಮೊದಲು ಹೋಗುವುದು ಎದುರಿಗಿರುವ ಆರಕ್ಕೇ. ಆ ಜೋಡಿಸಿದ ಕೈ ನಮ್ಮವರಿಗೆ ಎಲ್ಲದಕ್ಕೂ ಒಗ್ಗಿತು. ಸಾವಿನ ಸುದ್ದಿಗೂ ಅದೇ, ಗೃಹಪ್ರವೇಶದ ಕರೆಗೂ ಅದೇ. ಬರ್ತೀನಿ ಅಂತನಾ, ಬರೋಕಾಗಲ್ಲ ಕ್ಷಮಿಸಿ ಅಂತನಾ? ಅಡುಗೆಯವರು ಎಲೆ ಎಷ್ಟು ಅಂತ ಕೇಳಿದಾಗ ತಲೆ ಕೆರೆದುಕೊಳ್ಳಬೇಕು.

ಹೆಬ್ಬೆಟ್ಟಿನ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಗ್ರೂಪಿನಲ್ಲಿ ಕಟ್ಟಕಡೆಯವರೂ ಓದುವ ತನಕ ನೀಲಿ ಟಿಕ್ ಬೀಳುವುದಿಲ್ಲ. ‘ನಾನಂತೂ ನೋಡಿದೆ’ ಎಂದು ತೋರಿಸಲು ಜನ ಹೆಬ್ಬೆಟ್ಟನ್ನೇ ಬಳಸತೊಡಗಿದರು. ನಮ್ಮ ಕಡೆ ಹೆಬ್ಬೆಟ್ಟು ಅಂದರೆ ಮೊದಲಿಂದಲೂ ಸಹಿ. ಓದಿ ಹೇಳದೆ ಒತ್ತಿಸಿಕೊಂಡ ಜಮೀನಿನ ಕಥೆ ಯಾವ ಊರಲ್ಲಿಲ್ಲ ಹೇಳಿ?

ಹೀಗೆ ವಿಷಯ ಕೋರ್ಟಿಗೂ ಹೋಯಿತು. ಕೆನಡಾದ ಸಸ್ಕಾಚವಾನ್‌ನಲ್ಲಿ ಧಾನ್ಯ ಕೊಳ್ಳುವ ಕಂಪನಿಯೊಂದು ಅಗಸೆ ಖರೀದಿ ಕರಾರಿನ ಫೋಟೊವನ್ನು ರೈತನೊಬ್ಬನಿಗೆ ಕಳಿಸಿ, ಖಚಿತಪಡಿಸಿ ಅಂತ ಕೇಳಿತ್ತು. ಆತ ಉತ್ತರವಾಗಿ ಹೆಬ್ಬೆಟ್ಟು ಕಳಿಸಿದ. ಅಗಸೆ ಬರಲಿಲ್ಲ, ಅಷ್ಟರಲ್ಲಿ ಬೆಲೆ ಏರಿತ್ತು. ಕರಾರು ತಲುಪಿತು ಅಂತಷ್ಟೇ ಹೇಳಿದ್ದು ಎಂದು ರೈತ ವಾದಿಸಿದ. ಈ ಹಿಂದೆ ‘ಓಕೆ’, ‘ಯಪ್’ ಅಂತ ಚುಟುಕಾಗಿ ಉತ್ತರಿಸಿ ಧಾನ್ಯ ಕೊಟ್ಟಿದ್ದನ್ನು ನೋಡಿ, ಇದೂ ಸಹಿಯೇ ಎಂದು 2023ರಲ್ಲಿ ಕೋರ್ಟ್ ಹೇಳಿತು. ರೈತನ ಕಡೆಯಿಂದ ಕಂಪನಿಗೆ ಸಿಗಬೇಕಾದ ನಷ್ಟ ಪರಿಹಾರ 82 ಸಾವಿರ ಕೆನಡಾ ಡಾಲರಿಗೂ ಜಾಸ್ತಿ. ಮರುವರ್ಷ ಮೇಲ್ಮನವಿಯಲ್ಲೂ ಅದೇ ನಿಂತಿತು.

ಇತ್ತ ಮದ್ರಾಸ್ ಹೈಕೋರ್ಟಿನ ಮುಂದೆ ಬಂದದ್ದು ರೈಲ್ವೆ ರಕ್ಷಣಾ ಪಡೆಯ ಕಾನ್‌ಸ್ಟೆಬಲ್ ಒಬ್ಬರ ಕಥೆ. ಮೇಲಧಿಕಾರಿಯ ಕೊಲೆಯ ಸುದ್ದಿಗೆ ಗ್ರೂಪಿನಲ್ಲಿ ಹೆಬ್ಬೆಟ್ಟು ಹಾಕಿ ಅವರು ಕೆಲಸ ಕಳೆದುಕೊಂಡಿದ್ದರು. ಮೆಸೇಜ್ ನೋಡಿದೆ ಅಂತ ತಿಳಿಸಲು ಹಾಕಿದ್ದು ಎಂದರು. 2024ರಲ್ಲಿ ಕೋರ್ಟ್ ಅವರ ಮಾತು ಒಪ್ಪಿತು, ಕೆಲಸ ವಾಪಸ್ ಕೊಡಿ ಅಂತು.

ನಮ್ಮ ಸೆಕ್ರೆಟರಿ ಈಗ ಎಚ್ಚರವಾಗಿದ್ದಾರೆ. ಹೋದ ತಿಂಗಳು ಲಿಫ್ಟ್ ರಿಪೇರಿಗೆ ದುಡ್ಡು ಕೇಳುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: ‘ಒಪ್ಪಿಗೆ ಇದ್ದವರು ಒಪ್ಪಿದೆ ಅಂತ ಟೈಪ್ ಮಾಡಿ, ಹೆಬ್ಬೆಟ್ಟು ಲೆಕ್ಕಕ್ಕಿಲ್ಲ.’ ನಾಲ್ಕು ಜನ ಟೈಪ್ ಮಾಡಿದರು. 26 ಜನ ಹೆಬ್ಬೆಟ್ಟು ಒತ್ತಿದರು.