ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್ ಕೊಟ್ಟಾಗ ಕಿಡ್ನಿ ಕಾಯುವುದು ಹೇಗೆ?

ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಗಳೆಲ್ಲ ಕಿಡ್ನಿಗೆ ಕೆಟ್ಟವಲ್ಲ. ಮೈಕೊಫೆನೊಲೇಟ್, ಅಜಥಯೊಪ್ರಿನ್‌ಗಳಿಂದ ಅಂಥ ಕಾಟವಿಲ್ಲ. ತೊಂದರೆ ಕ್ಯಾಲ್ಸಿನ್ಯೂರಿನ್ (ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ಕಿಣ್ವ) ತಡೆಯುವ ಎರಡರದ್ದು: ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್. ಕಸಿ ಮಾಡಿದ ಅಂಗವನ್ನು ಉಳಿಸುವುದೂ ಇವೇ. ಹಾಗಾಗಿ ಸುಮ್ನೆ ನಿಲ್ಲಿಸುವಂತಿಲ್ಲ.

ಹಾನಿ ಶುರುವಾಗುವ ಜಾಗ ಗೊತ್ತಾದರೆ ಅರ್ಧ ಪಾಠ ಮುಗಿದಂತೆ. ಅದು ಅಫರೆಂಟ್ ಆರ್ಟೀರಿಯೋಲ್, ಅಂದರೆ ಕಿಡ್ನಿಯಲ್ಲಿ ರಕ್ತ ಸೋಸುವ ಗಂಟಾದ ಗ್ಲೊಮೆರುಲಸ್‌ಗೆ ರಕ್ತ ತರುವ ಸಣ್ಣ ನಾಳ. ಈ ಔಷಧಿಗಳಿಂದ ನಾಳ ಬಿಗಿಸುವ ಎಂಡೊಥೀಲಿನ್, ಥ್ರಾಂಬಾಕ್ಸೇನ್ ಹೆಚ್ಚುತ್ತವೆ. ನಾಳವನ್ನು ಸಡಿಲವಾಗಿಡುವ ಪ್ರೊಸ್ಟಗ್ಲಾಂಡಿನ್, ನೈಟ್ರಿಕ್ ಆಕ್ಸೈಡ್ ತಗ್ಗುತ್ತವೆ. ನಾಳ ಬಿಗಿಯುತ್ತದೆ, ಸೋಸುವ ಕೆಲಸ ಕುಗ್ಗುತ್ತದೆ, ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತದೆ. ಡೋಸ್ ಇಳಿಸಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ. ವರ್ಷಗಟ್ಟಲೆ ಎಳೆದರೆ ಮಾತ್ರ ನಾಳದ ಗೋಡೆ ದಪ್ಪವಾಗಿ, ಕಿಡ್ನಿಯೊಳಗೆ ಪಟ್ಟೆಪಟ್ಟೆಯಾಗಿ ನಾರು ಬೆಳೆಯುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಲಾಗದು.

ಉಳಿದದ್ದೆಲ್ಲ ಇದೇ ನಾಳದಿಂದ ಹೊಳೆಯುತ್ತದೆ. ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾಕೆ ಬೇಡ? ಮಿಕ್ಕಿರುವ ಪ್ರೊಸ್ಟಗ್ಲಾಂಡಿನ್‌ಗೂ ಅವು ಕಲ್ಲು ಹಾಕುತ್ತವೆ. ಬಿಪಿಗೆ ಆಮ್ಲೊಡಿಪಿನ್ ಯಾಕೆ? ಅದು ಇದೇ ನಾಳವನ್ನು ಸಡಿಲಿಸುತ್ತದೆ. ಡಿಲ್ಟಿಯಾಜೆಮ್ ಕೂಡ ಕ್ಯಾಲ್ಸಿಯಂ ಚಾನೆಲ್ ತಡೆಯುವುದೇ, ಆದರೆ ಔಷಧಿಯನ್ನು ಒಡೆಯುವ ಸಿವೈಪಿ3ಎ4 ಕಿಣ್ವಕ್ಕೆ ಅಡ್ಡ ಬಂದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟ ಏರಿಸುತ್ತದೆ. ಕ್ಲಾರಿತ್ರೊಮೈಸಿನ್, ಫ್ಲುಕೊನಜೋಲ್, ಗ್ರೇಪ್‌ಫ್ರೂಟ್ ರಸದ್ದೂ ಅದೇ ಕಥೆ. ಟಿಬಿ ಔಷಧಿ ರಿಫಾಂಪಿಸಿನ್ ತದ್ವಿರುದ್ಧ: ಮಟ್ಟ ಕುಸಿದು, ದೇಹ ಅಂಗವನ್ನೇ ತಿರಸ್ಕರಿಸುವ ಭಯ.

ನನಗೆ ತುಂಬ ಇಷ್ಟವಾದ ಪ್ರಶ್ನೆ ಭೇದಿಯದ್ದು. ಭೇದಿಯಾದಾಗ ಔಷಧಿ ಕಡಿಮೆ ಸೇರಬೇಕು ಅಲ್ವಾ? ಟ್ಯಾಕ್ರೊಲಿಮಸ್ ಮಟ್ಟ ಎಷ್ಟೋ ಸಲ ಏರುತ್ತದೆ! ಕರುಳಿನ ಗೋಡೆಯಲ್ಲೂ ಸಿವೈಪಿ3ಎ4 ಇದೆ, ಔಷಧಿಯನ್ನು ಹೊರತಳ್ಳುವ ಪಿ-ಗ್ಲೈಕೊಪ್ರೊಟೀನ್ ಇದೆ. ಗೋಡೆ ಕೆಟ್ಟಾಗ ಈ ಎರಡು ಕಾವಲೂ ಸಡಿಲವಾಗಿ, ಜಾಸ್ತಿ ಔಷಧಿ ರಕ್ತ ಸೇರುತ್ತದೆ. ದೇಹದ ನೀರೂ ಇಳಿದಿರುತ್ತದೆ. ಕಿಡ್ನಿಗೆ ಎರಡು ಕಡೆಯಿಂದ ಏಟು.

ಮಟ್ಟ ನೋಡಲು ರಕ್ತ ತೆಗೆಯುವುದು ಮುಂದಿನ ಡೋಸ್‌ಗೆ ತುಸು ಮುಂಚೆ. ದಿನಕ್ಕೆರಡು ಸಲದ ಮಾತ್ರೆಯಾದರೆ ಹಿಂದಿನ ಡೋಸ್ ಆಗಿ ಸುಮಾರು 12 ಗಂಟೆಗೆ. ಬೆಳಗಿನ ಮಾತ್ರೆ ನುಂಗಿ ಬಂದವರ ಸಂಖ್ಯೆ ನಂಬಿ ಡೋಸ್ ಬದಲಿಸಬೇಡಿ.

ಎಷ್ಟು ಸಾಕು? 2007ರಲ್ಲಿ ಪ್ರಕಟವಾದ ಸಿಂಫನಿ ಅಧ್ಯಯನ ಕಿಡ್ನಿ ಕಸಿಯಾದವರದ್ದು. ಅದರಲ್ಲಿ ಮೈಕೊಫೆನೊಲೇಟ್, ಸ್ಟಿರಾಯ್ಡ್ ಜೊತೆಗೆ, ಮಿಲಿಲೀಟರಿಗೆ 3ರಿಂದ 7 ನ್ಯಾನೊಗ್ರಾಂ ಗುರಿಯಿಟ್ಟು ಟ್ಯಾಕ್ರೊಲಿಮಸ್ ಕೊಟ್ಟ ಗುಂಪಿನಲ್ಲಿ ಕಿಡ್ನಿ ಚೆನ್ನಾಗಿತ್ತು, ತಿರಸ್ಕಾರವೂ ಕಡಿಮೆ. ಕ್ಯಾಲ್ಸಿನ್ಯೂರಿನ್ ತಡೆಯದೆ ರೋಗನಿರೋಧಕ ಶಕ್ತಿ ತಗ್ಗಿಸುವ ಸಿರೊಲಿಮಸ್‌ಗೆ ಬದಲಿಸುವ ದಾರಿಯೂ ಉಂಟು, ಆದರೆ ಮೂತ್ರದಲ್ಲಿ ಪ್ರೋಟೀನ್ ಜಾಸ್ತಿ ಹೋಗುತ್ತಿದ್ದರೆ ಅದು ಸರಿಹೊಂದದು. ಯಾವ ದಾರಿ ಹಿಡಿದರೂ ಬರೀ ಕ್ರಿಯಾಟಿನಿನ್ ನೋಡಿ ಕೂರಬೇಡಿ. ಈ ಔಷಧಿಗಳು ಪೊಟ್ಯಾಸಿಯಂ ಏರಿಸುತ್ತವೆ, ಮೆಗ್ನೀಸಿಯಂ ಇಳಿಸುತ್ತವೆ.