ಯುದ್ಧವಿಮಾನ ಮಾರುವುದು ಯಾಕಿಷ್ಟು ಕಷ್ಟ: ‘ಬೇಡ’ ಅನ್ನಬಲ್ಲವರು ಯಾರ್ಯಾರು?

ಫ್ರಾನ್ಸಿನ ರಫಾಲ್‌ನ ಪ್ರಯೋಗ ಮಾದರಿ ಮೊದಲು ಹಾರಿದ್ದು 1986ರಲ್ಲಿ. ಅದಕ್ಕೆ ಮೊದಲ ವಿದೇಶಿ ಗಿರಾಕಿ ಸಿಕ್ಕಿದ್ದು 2015ರಲ್ಲಿ. ಈಜಿಪ್ಟ್ 24 ವಿಮಾನ ಕೊಂಡಿತು. ನಡುವೆ 29 ವರ್ಷ ಕಳೆದಿತ್ತು. ಅಷ್ಟರಲ್ಲಿ ದಕ್ಷಿಣ ಕೊರಿಯಾ ಮತ್ತು ಸಿಂಗಾಪುರ ಅಮೆರಿಕದ ಎಫ್-15 ಆರಿಸಿಕೊಂಡವು, ಮೊರಾಕೊ ಅಮೆರಿಕದ್ದೇ ಆದ ಎಫ್-16ರ ಕಡೆ ಹೋಯಿತು. ಬ್ರೆಜಿಲ್ ಅಧ್ಯಕ್ಷ ಲೂಲಾ 2009ರಲ್ಲಿ ರಫಾಲ್ ಕೊಳ್ಳುವ ಮಾತನ್ನು ಬಹಿರಂಗವಾಗಿಯೇ ಆಡಿದ್ದರು. ಆದರೆ 2013ರಲ್ಲಿ ಬ್ರೆಜಿಲ್ ಆರಿಸಿದ್ದು ಸ್ವೀಡನ್ನಿನ ಗ್ರಿಪೆನ್.

2015ರ ನಂತರ ನೋಡಿ. ಕತಾರ್, ಭಾರತ, ಗ್ರೀಸ್, ಕ್ರೊಯೇಷಿಯಾ, ಇಂಡೊನೇಷ್ಯಾ, ಸರ್ಬಿಯಾ ಒಂದೊಂದಾಗಿ ಬಂದವು. ಯುಎಇ 2021ರ ಡಿಸೆಂಬರ್‌ನಲ್ಲಿ ಒಂದೇ ಸಲಕ್ಕೆ 80 ವಿಮಾನಗಳ ಒಪ್ಪಂದ ಮಾಡಿಕೊಂಡಿತು. ವಿಮಾನ ಮೊದಲಿಗಿಂತ ಸುಧಾರಿಸಿತ್ತು, ನಿಜ. ಆದರೆ ಮೊದಲೂ ಅದು ಕೆಟ್ಟ ವಿಮಾನವೇನೂ ಆಗಿರಲಿಲ್ಲ. ಹಾಗಾದರೆ ಅಡ್ಡ ಬಂದದ್ದು ಏನು?

ಈ ವಿಷಯ ಓದುವಾಗ ನಾವು ಸಾಮಾನ್ಯವಾಗಿ ವೇಗ, ರೇಡಾರ್, ಕ್ಷಿಪಣಿ ಅಂತ ಹೋಲಿಕೆ ಪಟ್ಟಿ ಹಿಡಿದು ಕೂರುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ತಿಳಿಯುವುದು ಕಡಿಮೆ. ಬೇರೆ ಪ್ರಶ್ನೆ ಹಿಡಿದರೆ ದಾರಿ ಸಲೀಸು: ಈ ಮಾರಾಟಕ್ಕೆ ‘ಬೇಡ’ ಅನ್ನುವ ಅಧಿಕಾರ ಯಾರ್ಯಾರಿಗಿದೆ? ಎಲ್ಲರೂ ಹೂಂ ಅನ್ನಬೇಕು. ಒಬ್ಬರು ಒಲ್ಲೆ ಅಂದರೂ ಕೆಲಸ ನಿಂತಿತು. ಆ ಒಬ್ಬರು ಮಾತುಕತೆಯ ಮೇಜಿನ ಹತ್ತಿರ ಇಲ್ಲದೆಯೂ ಇರಬಹುದು.

ಮಾರುವ ಕಂಪನಿಯ ಸ್ವಂತ ಸರ್ಕಾರ

ಕಂಪನಿ ತನಗೆ ಬೇಕಾದವರಿಗೆ ಯುದ್ಧವಿಮಾನ ಮಾರುವಂತಿಲ್ಲ. ಅಮೆರಿಕದಲ್ಲಿ ಇದಕ್ಕೆ 1976ರ ಶಸ್ತ್ರಾಸ್ತ್ರ ರಫ್ತು ನಿಯಂತ್ರಣ ಕಾಯ್ದೆ ಇದೆ. ಅಲ್ಲಿನ ಫಾರಿನ್ ಮಿಲಿಟರಿ ಸೇಲ್ಸ್ ಪದ್ಧತಿಯಲ್ಲಿ ಕೊಳ್ಳುವ ದೇಶ ಒಪ್ಪಂದ ಮಾಡಿಕೊಳ್ಳುವುದು ಕಂಪನಿಯ ಜೊತೆ ಅಲ್ಲ, ಅಮೆರಿಕ ಸರ್ಕಾರದ ಜೊತೆ. ದೊಡ್ಡ ಮಾರಾಟವಾದರೆ ಸಂಸತ್ತಿಗೆ ಮೊದಲೇ ತಿಳಿಸಬೇಕು. ಎಫ್-22 ವಿಮಾನವನ್ನಂತೂ ಯಾರಿಗೂ ಮಾರಕೂಡದು ಎಂದು ಸಂಸತ್ತೇ ತಡೆ ಹಾಕಿತು. ಆಪ್ತ ಮಿತ್ರ ಜಪಾನ್ ಕೇಳಿದರೂ ಸಿಗಲಿಲ್ಲ.

ಅನುಮತಿ ಕೈಯಲ್ಲಿದ್ದರೆ ಅದನ್ನು ಬೇರೆ ಕೆಲಸಕ್ಕೂ ಬಳಸಬಹುದು. ತುರ್ಕಿ 2021ರಲ್ಲಿ ಹೊಸ ಎಫ್-16 ಕೇಳಿತು. ಉತ್ತರಕ್ಕಾಗಿ ಎರಡು ವರ್ಷಕ್ಕೂ ಜಾಸ್ತಿ ಕಾಯಬೇಕಾಯಿತು. 2024ರ ಜನವರಿಯಲ್ಲಿ ಸ್ವೀಡನ್ ನೇಟೊ ಮಿತ್ರಕೂಟ (ಹೊಸಬರು ಸೇರಲು ಎಲ್ಲ ಸದಸ್ಯರ ಒಪ್ಪಿಗೆ ಬೇಕು) ಸೇರುವುದಕ್ಕೆ ತುರ್ಕಿ ಸಂಸತ್ತು ಒಪ್ಪಿತು. ಅದೇ ವಾರ ಅಮೆರಿಕ ಸರ್ಕಾರ ಮಾರಾಟಕ್ಕೆ ಹಸಿರು ನಿಶಾನೆ ತೋರಿತು. ಸ್ವೀಡನ್ನಿಗೂ ತುರ್ಕಿಯ ವಿಮಾನಗಳಿಗೂ ಏನು ಸಂಬಂಧ ಅಂತ ಅನ್ನಿಸುತ್ತದೆ, ಅಲ್ವಾ? ಇಂಥ ಸಂಬಂಧಗಳನ್ನು ಗುರುತಿಸುವುದೇ ಈ ವಿಷಯದ ಅರ್ಧ ಅಭ್ಯಾಸ.

ಹಲವು ದೇಶ ಸೇರಿ ಮಾಡಿದ ವಿಮಾನವಾದರೆ ಕಷ್ಟ ಇನ್ನೂ ಹೆಚ್ಚು. ಯೂರೊಫೈಟರ್ ಟೈಫೂನ್ ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ಸೇರಿ ತಯಾರಿಸುವ ವಿಮಾನ. ಸೌದಿ ಅರೇಬಿಯಾಕ್ಕೆ ಇನ್ನೂ 48 ಟೈಫೂನ್ ಮಾರಬೇಕೆಂದು ಬ್ರಿಟನ್ 2018ರಲ್ಲಿ ಪ್ರಾಥಮಿಕ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ಸೌದಿ ಪತ್ರಕರ್ತ ಜಮಾಲ್ ಖಶೋಗಿ ಹತ್ಯೆ ಇಸ್ತಾಂಬುಲ್‌ನ ಸೌದಿ ದೂತಾವಾಸದೊಳಗೇ ಆಯಿತು. ಜರ್ಮನಿ ಸೌದಿಗೆ ಶಸ್ತ್ರಾಸ್ತ್ರ ರಫ್ತು ತಡೆಯಿತು. 2024ರ ಜನವರಿಯಲ್ಲಷ್ಟೇ ಟೈಫೂನ್ ವಿಚಾರದಲ್ಲಿ ತನ್ನ ವಿರೋಧ ಕೈಬಿಟ್ಟಿತು.

ಎಂಜಿನ್ ಯಾರದು?

ಯಾವುದೇ ಯುದ್ಧವಿಮಾನದ ಬಗ್ಗೆ ಓದಲು ಶುರು ಮಾಡಿದಾಗ ಮೊದಲು ಇದನ್ನು ಬರೆದಿಟ್ಟುಕೊಳ್ಳಿ. ವಿಮಾನ ನಿಮ್ಮದು, ಎಂಜಿನ್ ಇನ್ನೊಬ್ಬರದು ಅಂದರೆ, ಆ ಇನ್ನೊಬ್ಬರ ಸರ್ಕಾರವನ್ನೂ ಕೇಳಬೇಕು.

ಇಸ್ರೇಲ್ ತನ್ನ ಕ್ಫಿರ್ ವಿಮಾನವನ್ನು ಎಕ್ವಡೋರ್‌ಗೆ ಮಾರಲು ಹೊರಟಿತ್ತು. ಅದರಲ್ಲಿದ್ದದ್ದು ಅಮೆರಿಕದ ಜೆ79 ಎಂಜಿನ್. 1977ರಲ್ಲಿ ಕಾರ್ಟರ್ ಸರ್ಕಾರ ಬೇಡ ಅಂದಿತು, ಮಾರಾಟ ನಿಂತಿತು. ಮರುವರ್ಷ ಸ್ವೀಡನ್ನಿನ ವಿಗೆನ್‌ಗೂ ಇದೇ ಆಯಿತು. ಭಾರತ ಅದನ್ನು ಪರಿಶೀಲಿಸುತ್ತಿತ್ತು. ಅದರ ಎಂಜಿನ್ ಅಮೆರಿಕದ ಮೂಲ ವಿನ್ಯಾಸದಿಂದ ಬಂದದ್ದು. ಅಮೆರಿಕ ಅನುಮತಿ ಕೊಡಲಿಲ್ಲ, ಭಾರತ ಜಾಗ್ವಾರ್ ಕೊಂಡಿತು.

ಎಂಜಿನ್ನೇ ಆಗಬೇಕೆಂದಿಲ್ಲ, ಸಣ್ಣ ಭಾಗವೂ ಸಾಕು. ದಕ್ಷಿಣ ಕೊರಿಯಾದ ಎಫ್‌ಎ-50 ಕೊಳ್ಳಲು ಅರ್ಜೆಂಟೀನಾ ಆಸೆ ಪಟ್ಟಿತ್ತು. ಅದರಲ್ಲಿ ಕೆಲವು ಬ್ರಿಟಿಷ್ ಭಾಗಗಳಿದ್ದವು. 1982ರಲ್ಲಿ ಅರ್ಜೆಂಟೀನಾ ಜೊತೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದ ನೆನಪು ಬ್ರಿಟನ್ನಿಗೆ ಇನ್ನೂ ಇದೆ. ಆ ಭಾಗಗಳಿಗೆ ಅನುಮತಿ ಸಿಗಲಿಲ್ಲ. ಮಾರುವವರಿಗೂ ಕೊಳ್ಳುವವರಿಗೂ ಒಪ್ಪಿಗೆ ಇದ್ದರೂ ಮಾರಾಟ ಆಗಲಿಲ್ಲ.

ಕ್ರೊಯೇಷಿಯಾದ ಉದಾಹರಣೆ ಇನ್ನೊಂದು ಬಗೆಯದು. 2018ರಲ್ಲಿ ಅದು ಇಸ್ರೇಲ್ ಬಳಸಿದ್ದ 12 ಎಫ್-16 ಕೊಳ್ಳಲು ತೀರ್ಮಾನಿಸಿತು. ಇಸ್ರೇಲ್ ಅವುಗಳಿಗೆ ತನ್ನದೇ ಉಪಕರಣಗಳನ್ನು ಅಳವಡಿಸಿತ್ತು. ಅವನ್ನು ತೆಗೆದು ಮೂಲ ರೂಪದಲ್ಲೇ ಕೊಡಬೇಕೆಂದು ಅಮೆರಿಕ ಹಟ ಹಿಡಿಯಿತು. ಕ್ರೊಯೇಷಿಯಾ ಮೆಚ್ಚಿದ್ದೇ ಆ ಉಪಕರಣಗಳನ್ನು. 2019ರ ಜನವರಿಯಲ್ಲಿ ಒಪ್ಪಂದ ಮುರಿಯಿತು. ಕೊನೆಗೆ ಅವರು ಕೊಂಡದ್ದು ಫ್ರಾನ್ಸ್ ಬಳಸಿದ್ದ 12 ರಫಾಲ್.

ರಫಾಲ್‌ನ ಬಲ ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಅದರ ಎಂ88 ಎಂಜಿನ್ ಫ್ರಾನ್ಸಿನದೇ. ಅಮೆರಿಕದ ಅನುಮತಿಗೆ ಕಾಯಲು ಇಷ್ಟವಿಲ್ಲದ ದೇಶಗಳಿಗೆ ಇದು ದೊಡ್ಡ ಆಕರ್ಷಣೆ. ಆದರೂ ಪೂರ್ತಿ ಬಿಡುಗಡೆ ಇಲ್ಲ. ರಫಾಲ್ ಒಯ್ಯುವ ಸ್ಕಾಲ್ಪ್ ಕ್ಷಿಪಣಿಯಲ್ಲಿದ್ದ ಒಂದು ಅಮೆರಿಕನ್ ಭಾಗದಿಂದಾಗಿ 2018ರಲ್ಲಿ ಈಜಿಪ್ಟ್ ಜೊತೆಗಿನ ವ್ಯವಹಾರಕ್ಕೆ ತೊಡಕಾಯಿತು.

ಎಫ್-20: ಒಳ್ಳೆಯ ವಿಮಾನ, ಒಂದೂ ಮಾರಾಟವಿಲ್ಲ

ಒಂದೇ ಒಂದು ಪ್ರಕರಣ ಓದಲು ಸಮಯ ಇದ್ದರೆ ಇದನ್ನೇ ಓದಿ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಒಂದು ನೀತಿ ತಂದರು. ಅಮೆರಿಕ ಸೇನೆ ಬಳಸುವ ಅತ್ಯುತ್ತಮ ಶಸ್ತ್ರಗಳನ್ನು ಕಂಡಕಂಡವರಿಗೆ ಮಾರಬಾರದು. ಮಿತ್ರ ದೇಶಗಳಿಗಾಗಿ ಸ್ವಲ್ಪ ಕಡಿಮೆ ದರ್ಜೆಯ, ರಫ್ತಿಗೆಂದೇ ಮಾಡಿದ ವಿಮಾನ ಇರಲಿ. ನಾರ್ತ್‌ರಾಪ್ ಕಂಪನಿಯ ಎಫ್-5 ಆಗಲೇ ಅನೇಕ ದೇಶಗಳಲ್ಲಿ ಹಾರುತ್ತಿತ್ತು. ಅದನ್ನೇ ಬೆಳೆಸಿ, ಎರಡು ಎಂಜಿನ್ ಬದಲು ಒಂದು ಬಲವಾದ ಎಫ್404 ಎಂಜಿನ್ ಇಟ್ಟು, ಕಂಪನಿ ಎಫ್-20 ಟೈಗರ್‌ಶಾರ್ಕ್ ಮಾಡಿತು. ಸರ್ಕಾರದ ಹಣ ಇಲ್ಲ, ಎಲ್ಲಾ ಸ್ವಂತ ಖರ್ಚು. 1982ರ ಆಗಸ್ಟ್‌ನಲ್ಲಿ ಅದು ಮೊದಲ ಸಲ ಹಾರಿತು. ನಿರ್ವಹಣೆ ಸುಲಭ. ಕರೆ ಬಂದ ಕೂಡಲೇ ಬಹಳ ಬೇಗ ಮೇಲೇರುತ್ತಿತ್ತು. ಹೆಸರಾಂತ ಪೈಲಟ್ ಚಕ್ ಯೇಗರ್ ಅದರ ಪರವಾಗಿ ಪ್ರಚಾರ ಮಾಡಿದರು.

ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು. ರೇಗನ್ ಬಂದು ಕಾರ್ಟರ್ ನೀತಿಯನ್ನು ಸಡಿಲಿಸಿದರು. ಪಾಕಿಸ್ತಾನಕ್ಕೆ, ವೆನೆಜುವೆಲಾಕ್ಕೆ ಎಫ್-16 ಹೋಯಿತು. ನಿಜವಾದ ಎಫ್-16 ಸಿಗುವಾಗ ರಫ್ತಿನ ವಿಮಾನ ಯಾರಿಗೆ ಬೇಕು? ಚೆನ್ನಾಗಿ ಹೊಂದುತ್ತಿದ್ದ ಗಿರಾಕಿ ಅಂದರೆ ತೈವಾನ್. ಚೀನಾ ಜೊತೆಗಿನ ಸಂಬಂಧ ಕೆಡಬಾರದೆಂದು ಅಮೆರಿಕ 1982ರಲ್ಲಿ ಆ ಬಾಗಿಲನ್ನೂ ಮುಚ್ಚಿತು.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಅಮೆರಿಕದ ವಾಯುಪಡೆಯೇ ಎಫ್-20 ಕೊಳ್ಳಲಿಲ್ಲ. ಮಾರುವವರ ವಾಯುಪಡೆ ಹಾರಿಸದ ವಿಮಾನಕ್ಕೆ ಮುಂದೆ 30 ವರ್ಷ ಬಿಡಿಭಾಗ ಯಾರು ಕೊಡುತ್ತಾರೆ? ಹೊಸ ರೇಡಾರ್, ಹೊಸ ಕ್ಷಿಪಣಿ ಅಳವಡಿಸುವ ಖರ್ಚನ್ನು ಯಾರು ಹೊರುತ್ತಾರೆ? ಸಣ್ಣ ದೇಶ ಒಂಟಿಯಾಗಿ ಹೊರಲಾರದು. ಅದಕ್ಕೇ ಕೊಳ್ಳುವವರು ತಯಾರಕ ದೇಶದ ವಾಯುಪಡೆಯ ಕಡೆ ಮೊದಲು ನೋಡುತ್ತಾರೆ. ಇದು ತಪ್ಪು ಲೆಕ್ಕವಲ್ಲ.

ಹಾರಿದ್ದ ಮೂರು ಮಾದರಿಗಳಲ್ಲಿ ಎರಡು ಅಪಘಾತಕ್ಕೀಡಾದವು. ಒಂದು 1984ರಲ್ಲಿ ದಕ್ಷಿಣ ಕೊರಿಯಾದಲ್ಲಿ, ಇನ್ನೊಂದು 1985ರಲ್ಲಿ ಕೆನಡಾದಲ್ಲಿ. ಇಬ್ಬರು ಪೈಲಟ್‌ಗಳು ಸತ್ತರು. ತನಿಖೆಯಲ್ಲಿ ವಿಮಾನದ ದೋಷ ಕಾಣಲಿಲ್ಲ. ಆದರೂ ಗಿರಾಕಿಗಳ ಮನಸ್ಸು ತಿರುಗಲಿಲ್ಲ. 1986ರಲ್ಲಿ ಕಂಪನಿ ಯೋಜನೆ ನಿಲ್ಲಿಸಿತು. ಹೋದ ಹಣ ಸುಮಾರು 120 ಕೋಟಿ ಡಾಲರ್.

ಕೊಳ್ಳುವವರ ಮನೆಯೊಳಗೆ

ಸ್ವಿಟ್ಜರ್‌ಲೆಂಡಿನಲ್ಲಿ ಪ್ರಜೆಗಳೇ ಬೇಡ ಅನ್ನಬಹುದು. ಅಲ್ಲಿನ ಸರ್ಕಾರ 2011ರಲ್ಲಿ 22 ಗ್ರಿಪೆನ್ ಕೊಳ್ಳಲು ತೀರ್ಮಾನಿಸಿತು. 2014ರ ಮೇ ತಿಂಗಳ ಜನಮತಗಣನೆಯಲ್ಲಿ ಶೇ 53ಕ್ಕೂ ಹೆಚ್ಚು ಜನ ವಿರುದ್ಧ ಮತ ಹಾಕಿದರು. 2020ರಲ್ಲಿ ಮತ್ತೆ ಕೇಳಿದಾಗ ಶೇ 50.1 ಒಪ್ಪಿಗೆ ಸಿಕ್ಕಿತು. ಮರುವರ್ಷ ಸರ್ಕಾರ ಅಮೆರಿಕದ ಎಫ್-35 ಆರಿಸಿತು.

ಕೆನಡಾದಲ್ಲಿ ಚುನಾವಣೆಗಳೇ ಸಾಕಾದವು. 2010ರಲ್ಲಿ ಸರ್ಕಾರ 65 ಎಫ್-35 ಕೊಳ್ಳುತ್ತೇವೆ ಅಂತ ಘೋಷಿಸಿತು. ವೆಚ್ಚದ ಲೆಕ್ಕದ ಬಗ್ಗೆ ಮಹಾಲೇಖಪಾಲರ ವರದಿ ಬಂದ ಮೇಲೆ 2012ರಲ್ಲಿ ಎಲ್ಲವನ್ನೂ ಹೊಸದಾಗಿ ಶುರು ಮಾಡಬೇಕಾಯಿತು. 2015ರ ಚುನಾವಣೆಯಲ್ಲಿ ಟ್ರೂಡೊ ಎಫ್-35 ಕೊಳ್ಳುವುದಿಲ್ಲ ಅಂತ ಮಾತು ಕೊಟ್ಟು ಗೆದ್ದರು. ತಾತ್ಕಾಲಿಕವಾಗಿ ಅಮೆರಿಕದ ಬೋಯಿಂಗ್ ಕಂಪನಿಯ 18 ಸೂಪರ್ ಹಾರ್ನೆಟ್ ಯುದ್ಧವಿಮಾನ ತರುವ ಯೋಚನೆ ಬಂತು. ಅದೇ ಹೊತ್ತಿಗೆ ಬೋಯಿಂಗ್, ಕೆನಡಾದ ಬೊಂಬಾರ್ಡಿಯರ್ ಕಂಪನಿಯ ಪ್ರಯಾಣಿಕ ವಿಮಾನದ ಮೇಲೆ ಅಮೆರಿಕದಲ್ಲಿ ವ್ಯಾಪಾರ ದೂರು ಕೊಟ್ಟಿತು. ಕೆನಡಾ ಸಿಟ್ಟಾಗಿ ಸೂಪರ್ ಹಾರ್ನೆಟ್ ಬಿಟ್ಟು ಆಸ್ಟ್ರೇಲಿಯಾದ ಹಳೆಯ ಎಫ್-18ಗಳನ್ನು ಕೊಂಡಿತು. 2023ರ ಜನವರಿಯಲ್ಲಿ ಕೊನೆಗೂ 88 ಎಫ್-35 ಅಂತ ಘೋಷಣೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಜೊತೆ ಸಂಬಂಧ ಹದಗೆಟ್ಟು, ಅದನ್ನೂ ಮರುಪರಿಶೀಲಿಸಿ ಎಂಬ ಆದೇಶ. ಇಷ್ಟರಲ್ಲಿ ವಿಮಾನದ ಗುಣದ ಮಾತು ಎಷ್ಟು ಸಲ ಬಂತು ಎಣಿಸಿ ನೋಡಿ.

ಹಣ

ಒಂದು ಯುದ್ಧವಿಮಾನ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಅಷ್ಟೂ ವರ್ಷದ ಇಂಧನ, ದುರಸ್ತಿ, ತರಬೇತಿ ಸೇರಿಸಿದರೆ ಕೊಂಡ ಬೆಲೆಯನ್ನು ಮೀರುತ್ತದೆ. ಅದಕ್ಕೇ ಸರ್ಕಾರಗಳು ಬದಲಿಗೆ ಏನಾದರೂ ಬೇಕು ಅಂತ ಪಟ್ಟು ಹಿಡಿಯುತ್ತವೆ. ಇದಕ್ಕೆ ಆಫ್‌ಸೆಟ್ ಅನ್ನುತ್ತಾರೆ. ಇಷ್ಟು ಭಾಗ ನಮ್ಮಲ್ಲೇ ತಯಾರಿಸಿ, ಇಷ್ಟು ತಂತ್ರಜ್ಞಾನ ಕೊಡಿ ಅಂತ. 1975ರಲ್ಲಿ ಬೆಲ್ಜಿಯಂ, ನೆದರ್‌ಲೆಂಡ್ಸ್, ಡೆನ್ಮಾರ್ಕ್, ನಾರ್ವೆ ಒಟ್ಟಾಗಿ ಎಫ್-16 ಕೊಂಡಾಗ, ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್‌ನಲ್ಲಿ ವಿಮಾನ ಜೋಡಣೆ ನಡೆಯಿತು.

ತಯಾರಿಕೆಯ ವಿಚಾರ ಒಪ್ಪಂದ ಮುರಿಯಲೂಬಹುದು. ಭಾರತದ 126 ವಿಮಾನಗಳ ಟೆಂಡರ್ 2007ರಲ್ಲಿ ಹೊರಟು, 2012ರಲ್ಲಿ ರಫಾಲ್ ಗೆದ್ದಿತು. ಆದರೆ ಎಚ್‌ಎಎಲ್ ತಯಾರಿಸುವ ವಿಮಾನಗಳ ಗುಣಮಟ್ಟಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ಬಗೆಹರಿಯಲಿಲ್ಲ. 2015ರಲ್ಲಿ ಆ ಟೆಂಡರನ್ನೇ ಕೈಬಿಟ್ಟು, ಎರಡು ಸರ್ಕಾರಗಳ ನಡುವೆ ನೇರವಾಗಿ 36 ವಿಮಾನಗಳ ಮಾತುಕತೆ ನಡೆಯಿತು.

ಲಂಚದ ಅಧ್ಯಾಯವೂ ಇದೆ, ಚಿಕ್ಕದಾಗಿ ಹೇಳುತ್ತೇನೆ. ಲಾಕ್‌ಹೀಡ್ ಕಂಪನಿ ವಿದೇಶಗಳಲ್ಲಿ ಲಂಚ ಕೊಟ್ಟದ್ದು 1976ರ ಹೊತ್ತಿಗೆ ಬಯಲಾಯಿತು. ಮರುವರ್ಷ ಅಮೆರಿಕ ವಿದೇಶಿ ಲಂಚದ ವಿರುದ್ಧ ಕಾನೂನು ಮಾಡಿತು.

ಸಹಿ ಆದ ಮೇಲೆ

ಹಣ ಕೊಟ್ಟರೂ ವಿಮಾನ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಪಾಕಿಸ್ತಾನ 28 ಎಫ್-16ಗಳಿಗೆ ಕೋಟ್ಯಂತರ ಡಾಲರ್ ಕಟ್ಟಿತ್ತು. ಅದರ ಅಣುಶಕ್ತಿ ಯೋಜನೆಯ ಕಾರಣಕ್ಕೆ 1990ರಲ್ಲಿ ಅಮೆರಿಕದ ಪ್ರೆಸ್ಲರ್ ತಿದ್ದುಪಡಿ (ಪಾಕಿಸ್ತಾನಕ್ಕೆ ನೆರವು, ಶಸ್ತ್ರ ಕೊಡುವುದನ್ನು ತಡೆಯುವ ಕಾನೂನು) ಜಾರಿಯಾಯಿತು. ತಯಾರಾದ ವಿಮಾನಗಳು ಅರಿಜೋನಾದ ಮರುಭೂಮಿಯಲ್ಲಿ ಉಳಿದವು. ಇಂಡೊನೇಷ್ಯಾ 2018ರಲ್ಲಿ ರಷ್ಯಾದ 11 ಸು-35ಗಳಿಗೆ ಒಪ್ಪಂದ ಮಾಡಿಕೊಂಡಿತ್ತು. ಅರ್ಧ ಬೆಲೆಯನ್ನು ತಾಳೆ ಎಣ್ಣೆಯಂಥ ಸರಕಿನಲ್ಲಿ ಕೊಡುವ ಮಾತಾಗಿತ್ತು. ರಷ್ಯಾದ ಶಸ್ತ್ರ ಕೊಂಡವರ ಮೇಲೆ ಅಮೆರಿಕ ನಿರ್ಬಂಧ ಹೇರುವ ಭಯದಲ್ಲಿ ಅದು ಹಾಗೇ ಬಿದ್ದುಹೋಯಿತು.

ಆದ್ದರಿಂದ ಸುದ್ದಿ ಓದುವಾಗ ಮಾತುಕತೆ, ಆಯ್ಕೆ, ಸಹಿ, ಮುಂಗಡ, ಪೂರೈಕೆ ಇವನ್ನು ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಿ. ಅದೇ ಇಂಡೊನೇಷ್ಯಾ 2022ರ ಫೆಬ್ರವರಿಯಲ್ಲಿ 42 ರಫಾಲ್‌ಗೆ ಸಹಿ ಹಾಕಿತು. ಅಂದೇ 42 ಮಾರಾಟವಾಯಿತು ಅಂತ ಬರೆದರೆ ತಪ್ಪಾಗುತ್ತದೆ. ಆ ವರ್ಷ ಒಪ್ಪಂದ ಜಾರಿಗೆ ಬಂದದ್ದು 6 ವಿಮಾನಕ್ಕೆ ಮಾತ್ರ. 2023ರಲ್ಲಿ 18, ಉಳಿದ 18 ಜಾರಿಗೆ ಬಂದದ್ದು 2024ರ ಜನವರಿಯಲ್ಲಿ.