ಚಿಲ್ಲರೆ ಸಿಗದಾಗ ಊರೇ ನೋಟು ಅಚ್ಚು ಹಾಕಿತು

ಬಸ್ಸಿನಲ್ಲಿ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರೆ. 'ಇಳಿಯುವಾಗ ಇಸ್ಕೊಳ್ಳಿ' ಅಂತಾರೆ. ಇಳಿಯುವ ತನಕ ಆ ಚೀಟಿಯೇ ನಮ್ಮ ದುಡ್ಡು, ಅಲ್ವಾ? ಜರ್ಮನಿಯಲ್ಲಿ ಒಂದು ಕಾಲಕ್ಕೆ ಊರೂರೇ ಹೀಗೆ ಚೀಟಿ ಹೊರಡಿಸಿದವು. ಹೆಸರು ನೋಟ್‌ಗೆಲ್ಟ್. ಈ 'ನೋಟ್' ನಮ್ಮ ನೋಟಲ್ಲ. ಜರ್ಮನ್‌ನಲ್ಲಿ ಅದಕ್ಕೆ ಕಷ್ಟ ಎಂದರ್ಥ. 'ಗೆಲ್ಟ್' ಅಂದರೆ ದುಡ್ಡು. ಕಷ್ಟಕಾಲದ ದುಡ್ಡು.

1914ರ ಆಗಸ್ಟ್‌ನಲ್ಲಿ ಜರ್ಮನಿ ಮೊದಲ ಮಹಾಯುದ್ಧಕ್ಕೆ ಇಳಿದ ಕೂಡಲೇ ಜನ ಬೆಳ್ಳಿ ನಾಣ್ಯ ಬಚ್ಚಿಟ್ಟರು. ಆಮೇಲೆ ತಾಮ್ರ, ನಿಕ್ಕಲ್ ಮದ್ದುಗುಂಡಿಗೆ ಬೇಕಾಯಿತು. ಸರ್ಕಾರ ಕಬ್ಬಿಣ, ಸತುವಿನ ನಾಣ್ಯ ಬಿಟ್ಟಿತು. ಸಾಲಲಿಲ್ಲ. ಅಂಗಡಿಯಲ್ಲಿ ವಾಪಸ್ ಕೊಡಲು ಬಿಡಿ ಕಾಸಿಲ್ಲ, ಕೂಲಿ ಕೊಡಲೂ ಪರದಾಟ. ಆಗ ನಗರಸಭೆಗಳು, ಉಳಿತಾಯ ಬ್ಯಾಂಕುಗಳು, ಕಾರ್ಖಾನೆಗಳು ತಾವೇ 10, 25, 50 ಫೆನಿಗ್‌ನ ಚೀಟಿ ಅಚ್ಚು ಹಾಕಿದವು. 100 ಫೆನಿಗ್ ಅಂದರೆ 1 ಮಾರ್ಕ್. ಪಕ್ಕದ ಊರಿಗೆ ಹೋದರೆ ಚೀಟಿ ನಡೆಯುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ಆದರೂ ಜನ ತೆಗೆದುಕೊಂಡರು. ಕೊಟ್ಟವರು ಯಾರೋ ದೂರದವರಲ್ಲ, ಇದೇ ಊರಿನವರು. ಬೇಕಾದರೆ ನಡೆದೇ ಹೋಗಿ ಕೇಳಬಹುದು. ನನ್ನ ಪ್ರಕಾರ ಈ ದುಡ್ಡು ನಡೆದದ್ದೇ ಆ ನಂಬಿಕೆಯ ಮೇಲೆ.

ಯುದ್ಧ ಮುಗಿದರೂ ಚೀಟಿ ನಿಲ್ಲಲಿಲ್ಲ. ಜನ ಆಲ್ಬಮ್‌ನಲ್ಲಿ ಕೂಡಿಡಲು ಶುರು ಮಾಡಿದ್ದರು. ಯಾರೂ ವಾಪಸ್ ತಾರದ ಚೀಟಿ ಊರಿಗೆ ಲಾಭ. ಹಾಗಾಗಿ ಚಿತ್ರಗಳು ಜಾಸ್ತಿಯಾದವು. ಹಾಮೆಲ್ನ್ ಎಂಬ ಊರು ತನ್ನ ಕಿಂದರಿಜೋಗಿ ಕತೆಯನ್ನೇ ನೋಟಿಗೆ ತಂದಿತು. ಮೈಸನ್ ಪಿಂಗಾಣಿಯಲ್ಲೇ ನಾಣ್ಯ ಮಾಡಿತು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಬೀಲೆಫೆಲ್ಡ್. ಅದು ನೇಕಾರಿಕೆಯ ಊರು. ಅಲ್ಲಿನ ಉಳಿತಾಯ ಬ್ಯಾಂಕು ರೇಷ್ಮೆ, ನಾರುಬಟ್ಟೆ, ಮಖಮಲ್ಲಿನ ಮೇಲೆ ನೋಟು ಅಚ್ಚು ಹಾಕಿತು. ಕೆಲವಕ್ಕೆ ಸುತ್ತಲೂ ಲೇಸ್ ಹೊಲಿದಿದೆ, ಥೇಟ್ ಕರವಸ್ತ್ರದ ಹಾಗೆ. ತಮಗೆ ಗೊತ್ತಿದ್ದ ಕಸುಬನ್ನೇ ದುಡ್ಡು ಮಾಡಿಕೊಂಡ ಊರದು.

1922ರ ಜುಲೈನಲ್ಲಿ ಸರ್ಕಾರ ಕಾನೂನು ತಂದು ಇದನ್ನು ತಡೆಯಿತು. ಆದರೆ ಮರುವರ್ಷ ಬೆಲೆ ಏರಿದ ವೇಗಕ್ಕೆ ಸರ್ಕಾರದ ನೋಟೇ ಸಾಲದಾಯಿತು. ಊರುಗಳು ಮತ್ತೆ ಅಚ್ಚು ಹಾಕಿದವು. ಈ ಸಲ ಫೆನಿಗ್ ಅಲ್ಲ, ಕೋಟಿ ಕೋಟಿ ಮಾರ್ಕ್. 1923ರ ನವೆಂಬರ್ 15ಕ್ಕೆ ರೆಂಟನ್‌ಮಾರ್ಕ್ ಎಂಬ ಹೊಸ ಹಣ ಬಂತು. ಅದರ ಒಂದಕ್ಕೆ ಹಳೆಯ 1 ಲಕ್ಷ ಕೋಟಿ ಮಾರ್ಕ್ ಸಮ.